ಗಾಡಿ ಮೇಲಿನ ಸ್ಟಿಕರ್ ಕೀಳುವುದು ಹೇಗೆ? ಬಣ್ಣ ಉಳಿಯಬೇಕು, ಗಮ್ ಹೋಗಬೇಕು

ಕಂಪನಿಗೆ ಓಡುತ್ತಿದ್ದ ಕಾರನ್ನು ಸೆಕೆಂಡ್ ಹ್ಯಾಂಡಿಗೆ ತಗೊಂಡರೆ ಬೆಲೆ ಸ್ವಲ್ಪ ಕಡಿಮೆ. ಆದರೆ ಎರಡೂ ಡೋರ್ ಮೇಲೆ ಯಾರದೋ ಹೆಸರು, ಫೋನ್ ನಂಬರ್ ಸಮೇತ ಬರುತ್ತದೆ. ಬೇಕರಿ ಮುಚ್ಚಿ ಎಷ್ಟೋ ಕಾಲವಾದರೂ ಓಮ್ನಿ ಮೇಲೆ ಅದರ ಬೋರ್ಡು ಹಾಗೇ ಇರುತ್ತದೆ. ಹಿಂದಿನ ಓನರ್ ಆಸೆಪಟ್ಟು ರೂಫಿಗೆ ಹೊಡೆಸಿದ ಕಪ್ಪು ಹಾಳೆಯ ರ‍್ಯಾಪ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಐದು ನಿಮಿಷದ ಕೆಲಸ ಅಂದುಕೊಂಡು ಉಗುರು ಹಾಕಿ ಶುರು ಮಾಡಿದವರು ಸಂಜೆ ಹೊತ್ತಿಗೆ ಥಿನ್ನರ್ ಡಬ್ಬಿ ಹಿಡಿದು ನಿಂತಿರುತ್ತಾರೆ. ಅಲ್ಲಿಂದ ಬಣ್ಣ ಹಾಳಾಗಲು ಜಾಸ್ತಿ ಹೊತ್ತು ಬೇಕಾಗಿಲ್ಲ.

ಈ ಕೆಲಸದ ಗುಟ್ಟು ಒಂದೇ. ಗಮ್ಮು ಸ್ಟಿಕರ್ ಬೆನ್ನಿಗೇ ಅಂಟಿಕೊಂಡು ಎದ್ದು ಬರಬೇಕು. ಗಾಡಿ ಮೇಲೆ ಉಳಿದ ಗಮ್ಮನ್ನು ಆಮೇಲೆ ಉಜ್ಜಿ ತೆಗೆಯೋದು ಎರಡನೇ ದಾರಿ, ಕಷ್ಟದ ದಾರಿ. ಹಾಗಾಗಿ ಹೆಚ್ಚು ಹೊತ್ತು ಕೀಳುವುದಕ್ಕೆ ಕೊಡಿ, ಕೆಮಿಕಲ್ಲಿಗೆ ಕಡಿಮೆ ಕೊಡಿ.

ಮೊದಲು ಅಡಿಯ ಬಣ್ಣ ನೋಡಿ

ಸ್ಟಿಕರ್ ಮುಟ್ಟುವ ಮುಂಚೆ ಅದರಡಿ ಇರುವುದು ಕಂಪನಿ ಪೇಂಟೋ, ಆಮೇಲೆ ಗ್ಯಾರೇಜಿನಲ್ಲಿ ಹೊಡೆಸಿದ್ದೋ ಅಂತ ತಿಳಿದುಕೊಳ್ಳಿ. ಫ್ಯಾಕ್ಟರಿಯಲ್ಲಿ ಬಾಡಿಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಬೇಯಿಸುತ್ತಾರೆ. ಆ ಬಣ್ಣ ತಗಡಿಗೆ ಗಟ್ಟಿಯಾಗಿ ಕೂತಿರುತ್ತದೆ. ಟಿಂಕರಿಂಗ್ ಆದಮೇಲೆ ಹೊಡೆದ ಬಣ್ಣ ಒಳ್ಳೆ ಬೂತ್‌ನಲ್ಲಾದರೆ 60 ಡಿಗ್ರಿ ಆಸುಪಾಸಿನಲ್ಲಿ ಒಣಗಿರುತ್ತದೆ. ರಸ್ತೆ ಬದಿಯ ಶೆಡ್ಡಿನಲ್ಲಾದರೆ ಬರೀ ಗಾಳಿಗೆ. ಅಡಿಯಲ್ಲಿ ಪುಟ್ಟಿ ಬೇರೆ. ಇಂಥ ಕಡೆ ಸ್ಟಿಕರ್ ಎಳೆದರೆ ಅದರ ಜೊತೆ ಬಣ್ಣವೂ ಎದ್ದು ಬರಬಹುದು.

ಪತ್ತೆ ಮಾಡೋದು ಕಷ್ಟವಲ್ಲ. ಡೋರಿನ ರಬ್ಬರ್ ಬೀಡಿಂಗ್ ಅಂಚಿನಲ್ಲಿ ಬಣ್ಣದ ತುಂತುರು ಇದೆಯಾ ನೋಡಿ. ಕಂಪನಿ ಪೇಂಟಾದರೆ ಬೀಡಿಂಗ್ ಚೊಕ್ಕವಾಗಿರುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಪಕ್ಕದ ಎರಡು ಭಾಗಗಳನ್ನು ಹೋಲಿಸಿ. ಒಂದು ನುಣುಪು, ಇನ್ನೊಂದು ಕಿತ್ತಳೆ ಸಿಪ್ಪೆಯಂತೆ ಚುಕ್ಕಿ ಚುಕ್ಕಿ ಇದ್ದರೆ ಅನುಮಾನ ಪಡಿ. ಫ್ರಿಜ್ ಮೇಲೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ತಗೊಂಡು, ಗೀರಾಗದ ಹಾಗೆ ತೆಳು ಬಟ್ಟೆ ಇಟ್ಟು, ಡೋರ್ ಮೇಲೆ ಅಲ್ಲಲ್ಲಿ ಇಡಿ. ಪುಟ್ಟಿ ದಪ್ಪ ಇರುವ ಕಡೆ ಅದು ಹಿಡಿಯಲ್ಲ, ಜಾರಿ ಬೀಳುತ್ತದೆ. ಗಾಡಿ ತೊಳೆದು ಪಾಲಿಶ್ ಮಾಡುವ ಡೀಟೇಲಿಂಗ್ ಅಂಗಡಿಯಲ್ಲಿ ಬಣ್ಣದ ದಪ್ಪ ಅಳೆಯುವ ಮೀಟರ್ ಇರುತ್ತದೆ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೋರಿಸುತ್ತದೆ. ಮೀಟರ್ 300 ದಾಟಿದರೆ ಅಲ್ಲಿ ಎರಡನೇ ಬಾರಿ ಬಣ್ಣ ಬಿದ್ದಿದೆ ಅಂತಲೇ ಲೆಕ್ಕ.

ರೀಪೇಂಟ್ ಅಂತ ಗೊತ್ತಾದರೆ ಹೀಟ್ ಗನ್ ಬದಿಗಿಡಿ. ಹೇರ್ ಡ್ರೈಯರ್ ಸಾಕು. ಒಂದು ಮೂಲೆಯಲ್ಲಿ ಎರಡು ಬೆರಳಗಲ ಕಿತ್ತು ನೋಡಿ, ಬಣ್ಣ ನಿಂತರೆ ಮುಂದುವರಿಯಿರಿ. ಎದ್ದರೆ ಅಲ್ಲಿಗೇ ನಿಲ್ಲಿಸಿ. ಆ ಡೋರಿಗೆ ಹೇಗೂ ಪೇಂಟ್ ಆಗಲೇಬೇಕು ಅನ್ನುವ ಲೆಕ್ಕ ಹಾಕಿಕೊಂಡೇ ಮುಂದಿನ ಮಾತು.

ಸ್ಟಿಕರ್ ಯಾವ ಜಾತಿಯದು?

ಸ್ಟಿಕರ್ ಕಟಿಂಗ್ ಅಂಗಡಿಗಳಲ್ಲಿ ಹೆಚ್ಚಾಗಿ ಬಳಸುವುದು ಅಗ್ಗದ ಪಿವಿಸಿ ವಿನೈಲ್. ರೋಲರ್‌ಗಳ ನಡುವೆ ಒತ್ತಿ ಮಾಡಿದ ಹಾಳೆ ಅದು. ಅದನ್ನು ಮೆತ್ತಗಿಡಲು ಸೇರಿಸಿದ ಪ್ಲಾಸ್ಟಿಸೈಸರ್ ಬಿಸಿಲಿಗೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಹಾಳೆ ಕುಗ್ಗುತ್ತದೆ. ಅಂಚಿನಿಂದ ಗಮ್ ಹೊರಗೆ ಬಂದು, ಧೂಳು ಹಿಡಿದು ಕಪ್ಪು ಗೆರೆಯಾಗುತ್ತದೆ. ಕೊನೆಗೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಪುಡಿ. ಇದಕ್ಕೆ ಹೋಲಿಸಿದರೆ ಇಡೀ ಗಾಡಿಗೆ ಸುತ್ತುವ ಕಾಸ್ಟ್ ವಿನೈಲ್ ತೆಳು, ಸುಮಾರು 50 ಮೈಕ್ರಾನ್ ಅಷ್ಟೇ. ಆದರೂ ಹೆಚ್ಚು ಕಾಲ ಮೆತ್ತಗೆ ಉಳಿಯುತ್ತದೆ, ದೊಡ್ಡ ಹಾಳೆಯಾಗಿ ಎದ್ದು ಬರುತ್ತದೆ.

ಎಲ್ಲಕ್ಕಿಂತ ತಲೆನೋವು ನಾವು ರೇಡಿಯಂ ಅಂತ ಕರೆಯುವ ಹೊಳೆಯುವ ಸ್ಟಿಕರ್. ಅದು ಒಂದೇ ಹಾಳೆಯಲ್ಲ. ಬೆಳಕು ವಾಪಸ್ ಎಸೆಯಲು ಒಳಗೆ ಸಣ್ಣ ಗಾಜಿನ ಮಣಿಗಳ ಪದರ ಇರುತ್ತದೆ. ಎಳೆದರೆ ಮೇಲಿನ ಬಣ್ಣದ ಪದರ ಮಾತ್ರ ಕೈಗೆ ಬಂದು ಬೆಳ್ಳಿ ಬಣ್ಣದ ಪದರ ಗಾಡಿಯಲ್ಲೇ ಉಳಿಯುತ್ತದೆ. ಇದಕ್ಕೆ ಮಾತ್ರ ಬೇಗ ಮುಗಿಯುವ ದಾರಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ. ಬೈಕ್ ಟ್ಯಾಂಕಿನ ಕಂಪನಿ ಸ್ಟಿಕರ್ ಮೇಲೆ ಎಷ್ಟೋ ಮಾಡೆಲ್‌ಗಳಲ್ಲಿ ಕ್ಲಿಯರ್ ಲ್ಯಾಕರ್, ಅಂದರೆ ಪಾರದರ್ಶಕ ಪದರ, ಹೊಡೆದಿರುತ್ತಾರೆ. ಅಂಚಿಗೆ ಉಗುರು ಹಾಕಿ ನೋಡಿ. ಉಗುರು ತಡೆಯದೆ ಜಾರಿದರೆ ಸ್ಟಿಕರ್ ಲ್ಯಾಕರ್ ಅಡಿಯಲ್ಲಿದೆ. ಅದು ಬಿಸಿಗೂ ಎಣ್ಣೆಗೂ ಬರಲ್ಲ. ಮರಳು ಕಾಗದ ಉಜ್ಜಿ ಮತ್ತೆ ಪೇಂಟ್ ಮಾಡಿಸಬೇಕು, ಇಲ್ಲವೇ ಸುಮ್ನೆ ಬಿಡಬೇಕು.

ಕೀಳಬಾರದವು

ಸ್ಟಿಕರ್ ಕೀಳುವ ಉತ್ಸಾಹದಲ್ಲಿ ಮೂರನ್ನು ಮುಟ್ಟಬೇಡಿ. ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಜೊತೆ ಕೊಟ್ಟ, ಮುಂದಿನ ಗಾಜಿನ ಒಳಗಿರುವ ಹೊಲೊಗ್ರಾಮ್ ಸ್ಟಿಕರ್ ಒಂದು. ಪೆಟ್ರೋಲ್, ಸಿಎನ್‌ಜಿ ಗಾಡಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ. ಕಿತ್ತರೆ ಹರಿದು ಹಾಳಾಗುವ ಹಾಗೇ ಮಾಡಿರುತ್ತಾರೆ. ಫಾಸ್ಟ್ಯಾಗ್ ಕೂಡ ಅಷ್ಟೇ, ಒಮ್ಮೆ ಎಬ್ಬಿಸಿದ ಟ್ಯಾಗ್ ಮತ್ತೆ ಬಳಸೋಕೆ ಬರಲ್ಲ. ಹಳೇ ಓನರ್ ಟ್ಯಾಗ್ ಇದ್ದರೆ ಅವರ ಬ್ಯಾಂಕಿನಲ್ಲಿ ಕ್ಲೋಸ್ ಆದಮೇಲೆ ಕೀಳಿ. ಮೂರನೆಯದು ಗೂಡ್ಸ್ ಗಾಡಿಗಳ ಸುತ್ತ ಅಂಟಿಸಿದ ರಿಫ್ಲೆಕ್ಟರ್ ಟೇಪ್. ಅದು ಅಲಂಕಾರಕ್ಕಲ್ಲ, ಕಾನೂನಿನ ಪ್ರಕಾರ ಇರಲೇಬೇಕು.

ಬೇಕಾದ ಸಾಮಾನು

ಹೇರ್ ಡ್ರೈಯರ್ ಅಥವಾ ಹೀಟ್ ಗನ್. ಪ್ಲಾಸ್ಟಿಕ್ ಸ್ಕ್ರೇಪರ್, ಇಲ್ಲದಿದ್ದರೆ ಹಳೆಯ ಎಟಿಎಂ ಕಾರ್ಡ್. ಕಾರ್ ಶಾಂಪೂ, ಎರಡು ಬಕೆಟ್ ನೀರು. ಮೆತ್ತನೆ ಮೈಕ್ರೋಫೈಬರ್ ಬಟ್ಟೆ ನಾಲ್ಕಾರು. ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡ, ಅದರ ಹೊಲಿಗೆ ಗೀರು ಹಾಕುತ್ತದೆ. ಗಮ್ ತೆಗೆಯಲು ಸೀಮೆಎಣ್ಣೆ ಅಥವಾ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್. ನೀಲಗಿರಿ ಎಣ್ಣೆಯೂ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ವಲ್ಪ ದುಬಾರಿ. ಕೊನೆಯ ಒರೆಸುವಿಕೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಗಾಜಿಗೆ ಮಾತ್ರ ಬ್ಲೇಡ್. ಬ್ಲೇಡನ್ನು ಗಾಜಿನ ಕೆಲಸ ಬರುವವರೆಗೆ ಪೊಟ್ಟಣದಿಂದ ಹೊರಗೇ ತೆಗೆಯಬೇಡಿ. ಕೈಗೆ ಸಿಕ್ಕರೆ ಡೋರ್ ಮೇಲೂ ಹಾಕುವ ಮನಸ್ಸಾಗುತ್ತದೆ.

ಬಿಸಿ ಮಾಡಿ, ನಿಧಾನಕ್ಕೆ ಎಳೆಯಿರಿ

ಮೊದಲು ಗಾಡಿ ತೊಳೆದು ಒಣಗಿಸಿ. ಸ್ಟಿಕರ್ ಸುತ್ತಲಿನ ಧೂಳು ನಿಮ್ಮ ಬಟ್ಟೆಗೆ ಸಿಕ್ಕರೆ ಅದೇ ಮರಳು ಕಾಗದ. ನೆರಳಿನಲ್ಲಿ ನಿಲ್ಲಿಸಿಕೊಂಡು ಕೆಲಸ ಮಾಡಿ. ಡಿಸೆಂಬರ್ ಬೆಳಗಿನ ಬೆಂಗಳೂರು ಚಳಿಯಲ್ಲಿ ವಿನೈಲ್ ಗಟ್ಟಿಯಾಗಿರುತ್ತದೆ. ಆಗ ಅರ್ಧ ಗಂಟೆ ಬಿಸಿಲಿಗೆ ಬಿಟ್ಟು ಶುರು ಮಾಡಿದರೆ ಅರ್ಧ ಕೆಲಸ ಸೂರ್ಯನೇ ಮಾಡಿರುತ್ತಾನೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಾದರೆ ಉಲ್ಟಾ. ಮಧ್ಯಾಹ್ನ ಬಾನೆಟ್ ಕಾದು ಗಮ್ ಕರಗಿ ಬಾಡಿಯಲ್ಲೇ ಉಳಿಯುತ್ತದೆ. ಅಲ್ಲಿ ಬೆಳಗ್ಗೆಯೇ ಮುಗಿಸಿ.

ಒಂದು ಮೂಲೆ ಆರಿಸಿಕೊಳ್ಳಿ. ಹೀಟ್ ಗನ್ ಆದರೆ ಕಡಿಮೆ ಸೆಟ್ಟಿಂಗ್‌ಗೆ ಇಟ್ಟು, 15ರಿಂದ 20 ಸೆಂಟಿಮೀಟರ್ ದೂರದಿಂದ, ಕೈ ಆಡಿಸುತ್ತಲೇ ಇರಿ. ಗನ್ ಮೂತಿಯ ಗಾಳಿ 300 ಡಿಗ್ರಿ ದಾಟಬಲ್ಲದು, ಒಂದೇ ಕಡೆ ಹಿಡಿದರೆ ಬಣ್ಣ ಗುಳ್ಳೆ ಏಳುತ್ತದೆ. ನಮಗೆ ಬೇಕಾದದ್ದು ಮೇಲ್ಮೈಯಲ್ಲಿ 50–60 ಡಿಗ್ರಿ ಅಷ್ಟೇ. ಅಳತೆ ಹೇಗೆ? ಬಿಸಿ ಮಾಡಿದ ಜಾಗಕ್ಕೆ ಅಂಗೈ ತಾಗಿಸಿ. ಎರಡು ಮೂರು ಸೆಕೆಂಡ್ ತಡೆದುಕೊಂಡು ಆಮೇಲೆ ಕೈ ತೆಗೆಯಬೇಕು ಅನಿಸಿದರೆ ಸರಿ. ಮುಟ್ಟಿದ ತಕ್ಷಣ ಕೈ ಹಿಂದೆ ಎಳೆದುಕೊಂಡರೆ ಜಾಸ್ತಿ ಆಯಿತು, ಸ್ವಲ್ಪ ಆರಲು ಬಿಡಿ.

ಮೂಲೆಯನ್ನು ಉಗುರಿನಿಂದ ಅಥವಾ ಕಾರ್ಡಿನಿಂದ ಎಬ್ಬಿಸಿ. ಈಗ ಎಳೆಯುವ ರೀತಿ ಗಮನಿಸಿ. ಹೆಚ್ಚಿನವರು ತಮ್ಮ ಕಡೆಗೆ ನೇರ ಎಳೆಯುತ್ತಾರೆ. ಅದರಿಂದ ಒಂದೋ ಹಾಳೆ ಹರಿಯುತ್ತದೆ, ಇಲ್ಲವೇ ದುರ್ಬಲ ಬಣ್ಣ ಏಳುತ್ತದೆ. ಎದ್ದ ತುದಿಯನ್ನು ಅದರ ಮೇಲೇ ಹಿಂದಕ್ಕೆ ಮಡಚಿ, ಬಾಡಿಗೆ ಒರಗಿದ ಹಾಗೆ ತಗ್ಗಿನಲ್ಲಿ ಎಳೆಯಿರಿ. ಕಣ್ಣು ಮಡಿಕೆಯ ಗೆರೆ ಮೇಲೇ ಇರಲಿ. ಹಾಳೆ ಬಾಡಿ ಬಿಡುವ ಆ ಗೆರೆಯಲ್ಲಿ ಗಮ್ಮಿನ ಸಣ್ಣ ಸಣ್ಣ ನೂಲು ಕಾಣುತ್ತವೆ. ನೂಲು ಗಿಡ್ಡವಾಗಿ ಪಟಪಟ ಕಡಿದು ಹಾಳೆಯ ಕಡೆಗೇ ಹೋಗುತ್ತಿದ್ದರೆ ಬಿಸಿ ಸರಿ ಇದೆ. ಉದ್ದುದ್ದ ಎಳೆದು ಬಾಡಿ ಮೇಲೆ ಬೀಳುತ್ತಿದ್ದರೆ ಬಿಸಿ ಜಾಸ್ತಿ. ಹಾಳೆ ಚೂರಾಗುತ್ತಿದ್ದರೆ ಬಿಸಿ ಕಡಿಮೆ, ಅಥವಾ ನೀವು ಅವಸರ ಮಾಡುತ್ತಿದ್ದೀರಿ. ಸೆಕೆಂಡಿಗೆ ಒಂದೆರಡು ಸೆಂಟಿಮೀಟರ್ ಸಾಕು. ಈ ನೂಲು ನೋಡಿ ಬಿಸಿ ಹೊಂದಿಸುವುದು ಕೈಗೆ ಹತ್ತಿದರೆ ಉಳಿದದ್ದೆಲ್ಲ ಸಲೀಸು.

ರೂಫ್ ರ‍್ಯಾಪಿನಂಥ ದೊಡ್ಡ ಹಾಳೆ ಒಬ್ಬರಿಂದ ಆಗಲ್ಲ. ಒಬ್ಬರು ಬಿಸಿ ಹಿಡಿಯಿರಿ, ಇನ್ನೊಬ್ಬರು ಎಳೆಯಿರಿ. ಅಗಲ ಜಾಸ್ತಿ ಅನಿಸಿದರೆ ಬಾಡಿ ಮೇಲೆ ಬ್ಲೇಡಿನಿಂದ ಪಟ್ಟಿ ಕೊಯ್ಯಬೇಡಿ. ಎದ್ದು ಬಂದ ಭಾಗವನ್ನು ಮಾತ್ರ ಕತ್ತರಿಯಲ್ಲಿ ಸೀಳಿ, ಒಂದೊಂದು ಪಟ್ಟಿಯಾಗಿ ಎಳೆಯಿರಿ. ಪುಡಿಪುಡಿಯಾಗುವ ಹಳೆ ಸ್ಟಿಕರ್‌ಗೆ ಇನ್ನೊಂದು ಉಪಾಯ ಇದೆ. ಟವೆಲನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ, ಅದರ ಮೇಲೆ ಹೊದಿಸಿ ಕೆಲವು ನಿಮಿಷ ಬಿಡಿ. ಬಿಸಿ ನಿಧಾನಕ್ಕೆ ಒಳಗಿಳಿಯುತ್ತದೆ. ಅಷ್ಟಾದರೂ ಚೂರಾಗುತ್ತಿದ್ದರೆ ಕಾರ್ಡ್ ಹಿಡಿದು ಒಂದೇ ದಿಕ್ಕಿಗೆ ತಳ್ಳುತ್ತ ಹೋಗಬೇಕು, ಬೇರೆ ಉಪಾಯವಿಲ್ಲ.

ರೇಡಿಯಂ ಅಥವಾ ಪುಡಿಯಾದ ಪಟ್ಟೆಗಳಿಗೆ ಡ್ರಿಲ್ ಮಷೀನಿಗೆ ಸಿಕ್ಕಿಸುವ ರಬ್ಬರ್ ವೀಲ್ ಸಿಗುತ್ತದೆ. ಪೆನ್ಸಿಲ್ ಗೀಟು ಅಳಿಸುವ ರಬ್ಬರ್ ಥರವೇ, ತಾನು ಸವೆಯುತ್ತ ಗಮ್ ಸಮೇತ ಎತ್ತುತ್ತದೆ. ಕಂಪನಿ ಪೇಂಟಿನ ತಗಡಿನ ಮೇಲೆ ಮಾತ್ರ ಬಳಸಿ. ಹಗುರವಾಗಿ, ಒಂದೇ ಕಡೆ ನಿಲ್ಲಿಸದೆ, ಡ್ರಿಲ್ ವೇಗ ಕಡಿಮೆ ಇಟ್ಟು. ಅಂಥ ವೀಲ್‌ಗಳಿಗೆ ನಿಮಿಷಕ್ಕೆ 4,000 ಸುತ್ತಿನ ಆಸುಪಾಸಿನ ಮಿತಿ ಇರುತ್ತದೆ, ಪೊಟ್ಟಣದ ಮೇಲೆ ನೋಡಿ. ಗ್ಯಾರೇಜಿನ 4 ಇಂಚಿನ ಗ್ರೈಂಡರ್ 11,000 ಸುತ್ತು ಸುತ್ತುತ್ತದೆ. ಅದಕ್ಕೆ ಈ ವೀಲ್ ಹಾಕಿದರೆ ಬಣ್ಣ ಸುಡುತ್ತದೆ, ವೀಲ್ ಸಿಡಿಯಲೂಬಹುದು.

ಉಳಿದ ಗಮ್

ಹೀಟ್ ಗನ್ ಪ್ಲಗ್ಗಿಂದ ಕಿತ್ತು ದೂರ ಇಟ್ಟಮೇಲೇ ಎಣ್ಣೆ ಡಬ್ಬಿ ತೆರೆಯಿರಿ. ಸೀಮೆಎಣ್ಣೆ, ಟರ್ಪೆಂಟೈನ್, ಆಲ್ಕೊಹಾಲ್ ಎಲ್ಲವೂ ಬೆಂಕಿ ಹಿಡಿಯುವಂಥವು. ಬಿಸಿ ಮತ್ತು ಎಣ್ಣೆ ಎರಡನ್ನೂ ಒಟ್ಟಿಗೆ ಆಡಬೇಡಿ. ಗ್ಯಾರೇಜ್ ಬಾಗಿಲು ತೆರೆದಿರಲಿ, ಕೈಗೆ ಗ್ಲೌಸ್ ಇರಲಿ.

ಬಟ್ಟೆಗೆ ಎಣ್ಣೆ ಹಾಕಿ ತಕ್ಷಣ ಉಜ್ಜುವುದು ಎಲ್ಲರೂ ಮಾಡುವ ಕೆಲಸ, ಆದರೆ ಫಲ ಕಡಿಮೆ. ಗಮ್ ಮೆತ್ತಗಾಗಲು ಸಮಯ ಬೇಕು. ಬಟ್ಟೆಯನ್ನು ಎಣ್ಣೆಯಲ್ಲಿ ನೆನೆಸಿ ಗಮ್ ಇರುವ ಜಾಗಕ್ಕೆ ಅಂಟಿಸಿ ನಾಲ್ಕೈದು ನಿಮಿಷ ಬಿಡಿ. ಆಮೇಲೆ ಕಾರ್ಡಿನಿಂದ ತಳ್ಳಿದರೆ ಗಮ್ ಸುರುಳಿಯಾಗಿ ಬರುತ್ತದೆ. ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಬಟ್ಟೆಯ ಮುಖ ಬದಲಿಸುತ್ತಿರಿ, ಇಲ್ಲವಾದರೆ ಒಂದು ಕಡೆಯ ಗಮ್ಮನ್ನು ಇನ್ನೊಂದು ಕಡೆ ಬಳಿಯುತ್ತಿರುತ್ತೀರಿ. ಯಾವ ದ್ರವ ಆದರೂ ಮೊದಲು ಕಾಣದ ಜಾಗದಲ್ಲಿ, ಡೋರಿನ ಒಳ ಅಂಚಿನಲ್ಲಿ ಹಚ್ಚಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಬಂತೋ, ನಿಲ್ಲಿಸಿ.

ಥಿನ್ನರ್ ಬಗ್ಗೆ ಒಂದು ಮಾತು. ಪೇಂಟರ್‌ಗಳು ಅದನ್ನೇ ಬಳಸುತ್ತಾರಲ್ವಾ ಅಂತ ಕೇಳುತ್ತಾರೆ. ಹೌದು, ಅವರ ಹತ್ತಿರ ಪೇಂಟ್ ಬೂತ್ ಇದೆ, ಹಾಳಾದರೆ ಮತ್ತೆ ಹೊಡೆಯುತ್ತಾರೆ. ಥಿನ್ನರ್, ಅಸಿಟೋನ್, ನೇಲ್ ಪಾಲಿಶ್ ರಿಮೂವರ್ ಇವೆಲ್ಲ ಬಣ್ಣವನ್ನೇ ಕರಗಿಸಬಲ್ಲವು, ರೀಪೇಂಟ್ ಆದರೆ ನೋಡನೋಡುತ್ತಲೇ. ಪೆಟ್ರೋಲ್ ಕೂಡ ಬೇಡ. ಅದರ ಆವಿ ನೆಲದ ಮಟ್ಟದಲ್ಲಿ ಹರಡಿ ಎಲ್ಲೋ ಇರುವ ಕಿಡಿಗೆ ಹತ್ತಿಕೊಳ್ಳುತ್ತದೆ. ಗಮ್ ತೆಗೆಯಲು ಅಷ್ಟು ಅಪಾಯ ಯಾಕೆ?

ಕೊನೆಗೆ ಶಾಂಪೂ ನೀರಿನಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೆಯಿರಿ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಅರ್ಧಕ್ಕರ್ಧ ನೀರು ಬೆರೆಸಿ ಒರೆಸಿ. ಅಂಗೈ ಸವರಿದಾಗ ಎಲ್ಲೂ ತಡೆಯಬಾರದು.

ಗಾಜು

ಗಾಜಿನ ಹೊರಗಿನ ಸ್ಟಿಕರ್ ಸುಲಭ. ಸೋಪು ನೀರು ಚಿಮುಕಿಸಿ, ಹೊಸ ಬ್ಲೇಡನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆದರೆ ಬ್ಲೇಡ್ ಅಡಿಯಲ್ಲಿ ಸಿಕ್ಕ ಧೂಳು ಗೀರು ಹಾಕುತ್ತದೆ. ಒಣ ಗಾಜಿಗೆ ಬ್ಲೇಡ್ ಹಾಕಬೇಡಿ. ಗಾಜಿಗೆ ಕಲ್ಲು ತಾಗಿ ಸಣ್ಣ ಚಿಪ್ ಆಗಿದ್ದರೆ ಹೀಟ್ ಗನ್ ಆಗಲಿ ಕುದಿಯುವ ನೀರಾಗಲಿ ಹತ್ತಿರ ತರಬೇಡಿ, ಬಿರುಕು ಉದ್ದಕ್ಕೂ ಓಡುತ್ತದೆ.

ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಬಿಡಿಸಿದ ಕೇಸರಿ ಹನುಮಂತ ನಮ್ಮ ಹಿಂದಿನ ಗಾಜುಗಳ ಮೇಲೆಲ್ಲ ಬಂದು ಕೂತದ್ದು ಗೊತ್ತೇ ಇದೆ. ಬಣ್ಣ ಮಾಸಿ, ಅಂಚು ಹರಿದ ದೇವರ ಚಿತ್ರವನ್ನು ಹಾಗೇ ಬಿಡಲು ಮನಸ್ಸು ಬರಲ್ಲ. ಆದರೆ ಅದು ಒಂದೇ ಹಾಳೆಯಲ್ಲ, ತೆಳು ಗೆರೆಗಳ ತುಂಡುಗಳು. ಸೋಪು ನೀರು ಮತ್ತು ಬ್ಲೇಡ್ ಸಾಕು, ಒಂದೊಂದೇ ತುಂಡು. ತೂತು ತೂತಿನ ಒನ್‌ವೇ ವಿಷನ್ ಫಿಲ್ಮ್ ಮಾತ್ರ ಹಳೆಯದಾದರೆ ಪ್ರತಿ ತೂತಿನ ಸಾಲಿನಲ್ಲೂ ಹರಿಯುತ್ತದೆ. ಅದಕ್ಕೆ ಬಟ್ಟೆ ಸ್ಟೀಮರ್ ಸಿಕ್ಕರೆ ಒಳ್ಳೆಯದು.

ಒಳಗಿನ ಸನ್ ಫಿಲ್ಮ್ ಬೇರೆ ಕಥೆ. ಮುಂದಿನ, ಹಿಂದಿನ ಗಾಜು ಶೇ 70, ಪಕ್ಕದ್ದು ಶೇ 50 ಬೆಳಕು ಬಿಡಬೇಕು ಅನ್ನುವುದು ನಿಯಮ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬೇಡ ಅಂದಮೇಲೆ ಊರೂರಲ್ಲಿ ಪೊಲೀಸರು ನಿಲ್ಲಿಸಿ ಕೀಳಿಸಿದ್ದು ನೆನಪಿರಬಹುದು. ಹಿಂದಿನ ಗಾಜಿನ ಒಳಗೆ ಮಂಜು ಬಿಡಿಸುವ ಡಿಫಾಗರ್ ಗೆರೆಗಳಿದ್ದರೆ ಬ್ಲೇಡ್ ಹಾಕಲೇಬಾರದು. ಒಂದು ಗೆರೆ ಕಡಿದರೆ ಅದು ಕೆಲಸ ಮಾಡಲ್ಲ. ಒಳಗೆ ಸೋಪು ನೀರು ಚಿಮುಕಿಸಿ, ಕಪ್ಪು ಕಸದ ಚೀಲ ಬಿಡಿಸಿ ಫಿಲ್ಮ್ ಮೇಲೆ ಅಂಟಿಸಿ, ಗಾಜು ಬಿಸಿಲಿಗೆ ಮುಖ ಮಾಡುವಂತೆ ಗಾಡಿ ನಿಲ್ಲಿಸಿ. ಒಂದು ಗಂಟೆ ಆದಮೇಲೆ ಮೂಲೆ ಎಬ್ಬಿಸಿ, ಗೆರೆಗಳು ಹೋದ ದಿಕ್ಕಿನಲ್ಲೇ ಅಡ್ಡಕ್ಕೆ ನಿಧಾನವಾಗಿ ಎಳೆಯಿರಿ.

ಬೈಕ್, ಪ್ಲಾಸ್ಟಿಕ್, ಬ್ಯಾಡ್ಜ್

ಬೈಕ್ ಟ್ಯಾಂಕಿಗೆ ಹೀಟ್ ಗನ್ ಹಿಡಿಯಬೇಡಿ. ಒಳಗೆ ಪೆಟ್ರೋಲ್ ಇದೆ, ಖಾಲಿ ಅಂದರೂ ಆವಿ ಇದೆ. ಬಿಸಿ ನೀರಿನ ಟವೆಲ್ ಮಾತ್ರ. ಬಂಪರ್ ಪ್ಲಾಸ್ಟಿಕ್ ತಗಡಿಗಿಂತ ಬೇಗ ಬಿಸಿಯಾಗಿ ಸೊಟ್ಟಗಾಗುತ್ತದೆ, ಅಲ್ಲೂ ಟವೆಲ್ ಅಥವಾ ಹೇರ್ ಡ್ರೈಯರ್. ಹೆಡ್‌ಲೈಟ್ ಕವರ್ ಪಾಲಿಕಾರ್ಬೊನೇಟ್. ಥಿನ್ನರ್, ಪೆಟ್ರೋಲ್ ತಾಗಿದರೆ ಸೂಕ್ಷ್ಮ ಬಿರುಕು ಬಿಟ್ಟು ಮಂಜಾಗುತ್ತದೆ. ಅಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟು ಸೋಪಿನಲ್ಲಿ ತೊಳೆಯಿರಿ. ಆಟೋ ಹುಡ್ಡಿನ ರೆಕ್ಸಿನ್ ಮೇಲೂ ಅದೇ.

ಡಿಕ್ಕಿ ಮೇಲಿನ ಅಕ್ಷರದ ಬ್ಯಾಡ್ಜ್ ಫೋಮ್ ಟೇಪಿನಿಂದ ಕೂತಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಿಸಿ ಮಾಡಿ, ಮೀನು ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಆಡಿಸಿ. ಫೋಮ್ ಕತ್ತರಿಸುತ್ತದೆ, ಬ್ಯಾಡ್ಜ್ ಕೈಗೆ ಬರುತ್ತದೆ. ಉಳಿದ ಫೋಮನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆಯಿರಿ.

ನೆರಳು ಉಳಿದರೆ

ಗಮ್ ಪೂರ್ತಿ ಹೋದರೂ ಹಳೇ ಹೆಸರು ಓದಲು ಬರುತ್ತಿರಬಹುದು. ಸ್ಟಿಕರ್ ಅಡಿಯ ಬಣ್ಣ ಹೊಸದಾಗಿಯೇ ಇದೆ, ಸುತ್ತಲಿನದು ಬಿಸಿಲಿಗೆ ಮಾಸಿದೆ. ಬಿಳಿ, ಸಿಲ್ವರ್ ಗಾಡಿಯಲ್ಲಿ ಅಷ್ಟಾಗಿ ಗೊತ್ತಾಗಲ್ಲ. ಕೆಂಪಿನಲ್ಲಿ ಎದ್ದು ಕಾಣುತ್ತದೆ. ಮೊದಲು ಕೈಯಲ್ಲೇ ರಬ್ಬಿಂಗ್ ಪಾಲಿಶ್ ಹಾಕಿ ನೋಡಿ, ಸ್ಟಿಕರ್ ಜಾಗಕ್ಕಿಂತ ಅದರ ಸುತ್ತಲಿನ ಮಾಸಿದ ಜಾಗವನ್ನೇ ಹೆಚ್ಚು ಉಜ್ಜಬೇಕು. ಸಾಲದಿದ್ದರೆ ಡೀಟೇಲಿಂಗ್‌ನವರ ಹತ್ತಿರ ಮಷೀನ್ ಪಾಲಿಶ್ ಮಾಡಿಸಿ. ಮೇಲಿನ ಕ್ಲಿಯರ್ ಕೋಟ್ ಇರುವುದೇ 40–50 ಮೈಕ್ರಾನ್. ಹಾಗಾಗಿ ಮತ್ತೆ ಮತ್ತೆ ಪಾಲಿಶ್ ಹೊಡೆಸುತ್ತ ಹೋಗುವಂತಿಲ್ಲ. ಒಂದೆರಡು ಸಲಕ್ಕೆ ಹೋಗದ ನೆರಳನ್ನು ಹಾಗೇ ಬಿಡಿ. ಸ್ಟಿಕರ್ ಅಂಚಿನ ಗುಂಟ ನೇರವಾದ ಕೂದಲೆಳೆ ಗೆರೆ ಕಂಡರೆ ಅದು ನೆರಳಲ್ಲ. ಅಂಟಿಸಿದವರು ಬಾಡಿ ಮೇಲೇ ಬ್ಲೇಡ್ ಆಡಿಸಿ ಕತ್ತರಿಸಿದ ಗುರುತು. ತಗಡಿನವರೆಗೆ ಇಳಿದಿದ್ದರೆ ಮಳೆಗಾಲಕ್ಕೆ ಮುಂಚೆ ಟಚ್‌ಅಪ್ ಮಾಡಿಸಿ, ಕರಾವಳಿಯಲ್ಲಾದರೆ ಇನ್ನೂ ಬೇಗ. ಇಲ್ಲದಿದ್ದರೆ ಅಲ್ಲಿಂದಲೇ ತುಕ್ಕು ಶುರು.

ಎಲ್ಲ ಮುಗಿದ ಮೇಲೆ ಒಂದು ಕೈ ವ್ಯಾಕ್ಸ್ ಹಾಕಿ. ಕಿತ್ತ ವಿನೈಲ್ ಚೂರುಗಳನ್ನು ಒಣ ಕಸಕ್ಕೆ ಕೊಡಿ, ಎಲೆ ಕಸದ ಜೊತೆ ಸೇರಿಸಿ ಬೆಂಕಿ ಹಚ್ಚಬೇಡಿ. ಪಿವಿಸಿ ಉರಿದರೆ ಆಮ್ಲದ ಹೊಗೆ ಬರುತ್ತದೆ. ಅದೇ ಜಾಗಕ್ಕೆ ಹೊಸ ಸ್ಟಿಕರ್ ಹಾಕಿಸುವ ಯೋಚನೆ ಇದ್ದರೆ ಮಾತ್ರ ಅಲ್ಲಿಗೆ ವ್ಯಾಕ್ಸ್ ಬೇಡ, ಅಂಟು ಹಿಡಿಯಲ್ಲ. ಅಂಗಡಿಯವರಿಗೆ ಮೊದಲೇ ಹೇಳಿ: ಅಳತೆ ತಗೊಂಡು ಮಷೀನಿನಲ್ಲಿ ಕಟ್ ಮಾಡಿ ತನ್ನಿ, ಗಾಡಿ ಮೇಲೆ ಬ್ಲೇಡ್ ಬೇಡ.